ಬೋಲ್ಟ್ ಕಬಡ್ಡಿಗೆ ಇಳಿದರೆ? ಗೆಳೆಯನಿಗೊಂದು ಪತ್ರ

ಕಲಬುರಗಿ

ದೋಸ್ತ,

ನಿನ್ನ ಪ್ರಶ್ನೆ ಎರಡು. ಓಟಗಾರ ಉಸೇನ್ ಬೋಲ್ಟ್‌ನಂಥವನು ಕಬಡ್ಡಿಗೆ ಬಂದರೆ ಯಾರ ಕೈಗೂ ಸಿಗುವುದಿಲ್ಲ ಅಂತ ನಿಮ್ಮೂರ ಹೋಟೆಲಿನಲ್ಲಿ ಮಿರ್ಚಿ ತಿನ್ನುತ್ತ ನಡೆದ ವಾದ ಒಂದು. ಕುಸ್ತಿ ತಾಲೀಮು ಬಿಟ್ಟು ನಿನ್ನ ಕಬಡ್ಡಿ ಟೀಮಿಗೆ ಬಂದಿರುವ ಪೈಲ್ವಾನ್ ಹುಡುಗರನ್ನು ಏನು ಮಾಡಲಿ ಅನ್ನುವುದು ಇನ್ನೊಂದು. ಎರಡಕ್ಕೂ ಉತ್ತರದ ಬೇರು ಒಂದೇ, ಅದಕ್ಕೇ ಒಂದೇ ಪತ್ರ. ಓದಿದ ಮೇಲೆ ಗ್ರೂಪಿಗೆ ಹಾಕು. ಯಾದಗಿರಿ ಕಡೆ ಇದೇ ತಲೆಬಿಸಿ ಇರುವ ಪಿ.ಟಿ. ಮಾಸ್ತರರು ಇನ್ನೂ ಇದ್ದಾರೆ.

ಮೊದಲು ಬೋಲ್ಟ್. 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದಾಗ ಮೊದಲ 10 ಮೀಟರಿಗೇ ಅವನಿಗೆ 1.89 ಸೆಕೆಂಡ್ ಹಿಡಿದಿತ್ತು. ಅವನ ಪೂರ್ತಿ ವೇಗ ಬಂದದ್ದು 60 ಮೀಟರ್ ದಾಟಿದ ಮೇಲೆ. ಕಬಡ್ಡಿ ಅಂಕಣದ ಒಟ್ಟು ಉದ್ದ 13 ಮೀಟರ್, ನಡುಗೆರೆಯಿಂದ ಹಿಂದಿನ ಗೆರೆಗೆ ಆರೂವರೆ. ಬೋಲ್ಟ್ ಇನ್ನೂ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಅಂಕಣ ಮುಗಿದಿರುತ್ತದೆ. ಅಲ್ಲಿ ಓಡುವುದಕ್ಕಿಂತ ನಿಲ್ಲುವುದು ದೊಡ್ಡ ವಿದ್ಯೆ: ಎರಡು ಹೆಜ್ಜೆ ನುಗ್ಗಿ, ಥಟ್ಟನೆ ನಿಂತು, ಸೊಂಟ ತಿರುಗಿಸಿ ಹಿಂದಕ್ಕೆ ಜಿಗಿಯಬೇಕು. 1.95 ಮೀಟರ್ ಎತ್ತರದ ಆಳಿಗೆ ಆ ನಿಲ್ಲುವಿಕೆಯೇ ಕಷ್ಟ. ಅಷ್ಟುದ್ದದ ಕಾಲನ್ನು ಬೋನಸ್ ಗೆರೆಗೆ (ದಾಟಿದರೆ ಹೆಚ್ಚುವರಿ ಪಾಯಿಂಟ್ ಕೊಡುವ ಗೆರೆ) ಚಾಚಿದರೆ ಕಾರ್ನರ್‌ನಲ್ಲಿ, ಅಂದರೆ ಡಿಫೆನ್ಸಿನ ತುದಿಯಲ್ಲಿ, ಕೂತವನಿಗೆ ಹಬ್ಬ. ಉದ್ದ ಕೈ ನಡುಗೆರೆ ಮುಟ್ಟುವುದಕ್ಕೆ ನೆರವಾದೀತು, ಒಪ್ಪಿದೆ. ಅಷ್ಟರಿಂದ ರೈಡರ್, ಅಂದರೆ ಎದುರಾಳಿ ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವವನು, ಆಗುವುದಿಲ್ಲ.

ಅವನು ಬೇರೆ ಆಟಕ್ಕೆ ಕೈ ಹಾಕಿಯೂ ನೋಡಿದ. 2018ರಲ್ಲಿ ಆಸ್ಟ್ರೇಲಿಯಾದ ಸೆಂಟ್ರಲ್ ಕೋಸ್ಟ್ ಮ್ಯಾರಿನರ್ಸ್ ಫುಟ್‌ಬಾಲ್ ಕ್ಲಬ್ಬಿನಲ್ಲಿ ಟ್ರಯಲ್ಸ್‌ಗೆ ಇದ್ದು, ಒಂದು ಸ್ನೇಹಪಂದ್ಯದಲ್ಲಿ ಎರಡು ಗೋಲನ್ನೂ ಹೊಡೆದ. ಆದರೆ ಒಪ್ಪಂದ ಆಗಲಿಲ್ಲ, ಅದೇ ವರ್ಷ ಹೊರಬಂದ. ಓಟದ ದಾಖಲೆಯಲ್ಲಿ ಅವನನ್ನು ಮೀರಿಸುವ ಫುಟ್‌ಬಾಲ್ ಆಟಗಾರ ಇರಲಿಲ್ಲ. ಆದರೆ ಚೆಂಡು ಎಲ್ಲಿಗೆ ಬರುತ್ತದೆ ಅಂತ ಮೊದಲೇ ಗೊತ್ತಾದವನು ಅರ್ಧ ಸೆಕೆಂಡ್ ಮುಂಚೆ ಹೊರಡುತ್ತಾನೆ. ಆ ಅರ್ಧ ಸೆಕೆಂಡನ್ನು ಕಾಲಿನಿಂದ ತುಂಬಿಕೊಡಲು ಆಗುವುದಿಲ್ಲ.

ನಾನು ಹೇಳಬೇಕಾದ ಮುಖ್ಯ ಮಾತು ಇದೇ. ದೊಡ್ಡ ಆಟಗಾರನ ಬಂಡವಾಳ ಎರಡು: ಮೈ ಮತ್ತು ಕಣ್ಣು. ಮೈ ಎಲ್ಲಿಗೆ ಬೇಕಾದರೂ ಬರುತ್ತದೆ. ಕಣ್ಣು ಬರುವುದಿಲ್ಲ.

ಕಣ್ಣು ಅಂದರೆ ದೃಷ್ಟಿ ಚುರುಕು ಅಂತ ತಿಳಿಯಬೇಡ, ಎದುರಾಳಿಯ ಮೈ ನೋಡಿ ಮುಂದಿನದನ್ನು ಊಹಿಸುವುದು. ಗಂಟೆಗೆ 140 ಕಿ.ಮೀ. ವೇಗದ ಚೆಂಡು ಬೌಲರ್ ಕೈಬಿಟ್ಟು ಬ್ಯಾಟಿಗೆ ಬರಲು ಸುಮಾರು ಅರ್ಧ ಸೆಕೆಂಡ್. ನೋಡಿ, ತೀರ್ಮಾನಿಸಿ, ಬ್ಯಾಟ್ ಎತ್ತಲು ಅಷ್ಟು ಸಾಲದು. ಬ್ಯಾಟ್ಸ್‌ಮನ್ ಓದುವುದು ಬೌಲರನ ಭುಜವನ್ನು, ಮಣಿಕಟ್ಟನ್ನು. 2004ರಲ್ಲಿ ಅಮೆರಿಕದ ಒಂದು ಪ್ರದರ್ಶನ ಪಂದ್ಯದಲ್ಲಿ ಸಾಫ್ಟ್‌ಬಾಲ್ ಆಟಗಾರ್ತಿ ಜೆನ್ನಿ ಫಿಂಚ್, ಬೇಸ್‌ಬಾಲ್‌ನ ಭಾರಿ ಹೊಡೆತಗಾರ ಆಲ್ಬರ್ಟ್ ಪುಹೋಲ್ಸ್‌ನನ್ನು ಔಟ್ ಮಾಡಿದಳು. ಸಾಫ್ಟ್‌ಬಾಲ್ ಗಾತ್ರದಲ್ಲಿ ದೊಡ್ಡದು, ವೇಗವೂ ಕಡಿಮೆ. ಎಸೆಯುವ ದೂರ ಕಡಿಮೆಯಾದ್ದರಿಂದ ಸಿಗುವ ಸಮಯ ಹೆಚ್ಚುಕಡಿಮೆ ಬೇಸ್‌ಬಾಲ್‌ನಷ್ಟೇ. ಆದರೆ ಅವಳು ಸೊಂಟದ ಕೆಳಗಿನಿಂದ ಕೈ ಸುತ್ತಿ ಎಸೆಯುತ್ತಾಳೆ. ಪುಹೋಲ್ಸ್ ವರ್ಷಗಟ್ಟಲೆ ಓದಿಕೊಂಡಿದ್ದ ಭುಜ ಅಲ್ಲಿ ಏನನ್ನೂ ಹೇಳಲಿಲ್ಲ. ಬ್ಯಾಸ್ಕೆಟ್‌ಬಾಲ್‌ನ ಮೈಕೆಲ್ ಜೋರ್ಡನ್‌ಗೂ ಇದೇ ಆಯಿತು. 1994ರಲ್ಲಿ ಬರ್ಮಿಂಗ್‌ಹ್ಯಾಮ್ ಬ್ಯಾರನ್ಸ್ ತಂಡಕ್ಕೆ 127 ಬೇಸ್‌ಬಾಲ್ ಪಂದ್ಯ ಆಡಿದ, ಬ್ಯಾಟಿಂಗ್ ಸರಾಸರಿ .202 (ಐದು ಸಲಕ್ಕೆ ಒಂದು ಹೊಡೆತ), ಸ್ಟ್ರೈಕ್‌ಔಟ್ (ಚೆಂಡು ಹೊಡೆಯಲಾಗದೆ ಔಟ್) 114. ಕಾಲಿನ ಕೆಲಸ ಇದ್ದಲ್ಲಿ ಮಾತ್ರ ಅವನು ಮಿಂಚಿದ್ದು: 30 ಬೇಸ್ ಕದ್ದ, ಅಂದರೆ ಹೊಡೆತವಿಲ್ಲದೆಯೇ ಮುಂದಿನ ಬೇಸಿಗೆ ಓಡಿ ಸೇರಿದ. ಮಂದಿ ನಕ್ಕರು. ನನಗೇನೋ ಶಾಲೆ ಬಿಟ್ಟ ಮೇಲೆ ಬ್ಯಾಟ್ ಹಿಡಿಯದವನು 31ನೇ ವಯಸ್ಸಿಗೆ ಅಷ್ಟು ಮಾಡಿದ್ದು ಸಣ್ಣದು ಅನ್ನಿಸುವುದಿಲ್ಲ.

ಬೇರೆ ಆಟಕ್ಕೆ ಹೋಗಿ ಗೆದ್ದವರನ್ನು ನೋಡು, ಹೆಚ್ಚಿನವರು ಗಡಿಯಾರದ ಎದುರೋ ಟೇಪಿನ ಎದುರೋ ಆಡುವ ಆಟಗಳಿಗೇ ಹೋದವರು. ಬಹಾಮಾಸ್‌ನ ಡೊನಾಲ್ಡ್ ಥಾಮಸ್ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದವನು, 2006ರಲ್ಲಿ ಹೈಜಂಪ್ ಶುರು ಮಾಡಿ 2007ರಲ್ಲಿ ಒಸಾಕಾದಲ್ಲಿ 2.35 ಮೀಟರ್ ಹಾರಿ ವಿಶ್ವ ಚಾಂಪಿಯನ್ ಆದ. ಬ್ರಿಟನ್ನಿನ ಹೆಲೆನ್ ಗ್ಲೋವರ್ ದೋಣಿಗೆ ಹುಟ್ಟು ಹಾಕುವುದನ್ನು ಕಲಿಯತೊಡಗಿದ್ದು 2008ರಲ್ಲಿ, ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಬಂದದ್ದು 2012ರಲ್ಲಿ. ಸ್ಲೊವೇನಿಯಾದ ಪ್ರಿಮೋಜ್ ರೋಗ್ಲಿಚ್ ಸ್ಕೀ ಜಂಪಿಂಗ್ ಬಿಟ್ಟು ಸೈಕಲ್ ಹತ್ತಿ, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಟೈಮ್ ಟ್ರಯಲ್ ಗೆದ್ದ. ಅದು ಒಬ್ಬೊಬ್ಬರೇ ಓಡಿಸುವ ಸ್ಪರ್ಧೆ. ನೂರೈವತ್ತಕ್ಕೂ ಹೆಚ್ಚು ಮಂದಿ ಭುಜಕ್ಕೆ ಭುಜ ತಾಗಿಸಿ ಓಡಿಸುವ ಟೂರ್ ಡಿ ಫ್ರಾನ್ಸ್‌ನಿಂದ ಅವನು 2021, 2022, 2024ರಲ್ಲಿ ಬಿದ್ದು ಗಾಯವಾಗಿ ಹೊರಬರಬೇಕಾಯಿತು. ಬೀಳುವುದರಲ್ಲಿ ಅದೃಷ್ಟದ ಪಾಲೂ ಇರುತ್ತದೆ, ಬಿಡು.

ಥಾಮಸ್‌ನ ಕಥೆ ಕೇಳಿ ವಾಲಿಬಾಲ್ ಹುಡುಗರನ್ನೆಲ್ಲ ಹೈಜಂಪ್ ಪಿಟ್ಟಿಗೆ ಕಳಿಸಬೇಡ. ಹೈಜಂಪಿನಲ್ಲಿ ಒಂದೇ ಕಾಲಿನಿಂದ ಚಿಮ್ಮಬೇಕು, ಅದು ನಿಯಮ. ಬ್ಯಾಸ್ಕೆಟ್‌ಬಾಲ್‌ನ ಲೇಅಪ್ (ಓಡಿ ಬಂದು ಜಿಗಿದು ಚೆಂಡನ್ನು ಬುಟ್ಟಿಗೆ ಹಾಕುವುದು) ಒಂದು ಕಾಲಿನದು, ವಾಲಿಬಾಲ್ ಸ್ಮ್ಯಾಶ್ ಎರಡು ಕಾಲಿನದು.

ಎದುರಾಳಿ ಮೈಮೇಲೆ ಬರುವ ಆಟದಲ್ಲಿ ಗೆಲ್ಲಬೇಕಾದರೆ ಕೆಲಸ ಸಣ್ಣದಿರಬೇಕು. ಆಸ್ಟ್ರೇಲಿಯಾದ ರಗ್ಬಿ ಲೀಗ್‌ನಿಂದ ಅಮೆರಿಕನ್ ಫುಟ್‌ಬಾಲ್‌ಗೆ ಹೋದ ಇಬ್ಬರನ್ನು ಹೋಲಿಸು. ಜ್ಯಾರಿಡ್ ಹೇನ್ ರಗ್ಬಿಯಲ್ಲಿ ಹೆಸರಾಂತ ಆಟಗಾರ. 2015ರಲ್ಲಿ ಚೆಂಡು ಹಿಡಿದು ಓಡುವ ಜಾಗಕ್ಕೆ ಹೋಗಿ ಎಂಟು ಪಂದ್ಯ ಆಡಿದ, ಮೊದಲ ಪಂದ್ಯದಲ್ಲೇ ಚೆಂಡು ಕೈಜಾರಿತು. ಜೋರ್ಡನ್ ಮೈಲಾಟಾ ಹೆಸರಿಲ್ಲದ ಹುಡುಗ. 2018ರಲ್ಲಿ ಕೊನೆಯ ಸುತ್ತಿನಲ್ಲಿ ಆಯ್ಕೆಯಾದ, ಮೊದಲ ಎರಡು ಸೀಸನ್ ಒಂದು ಪಂದ್ಯವನ್ನೂ ಆಡಲಿಲ್ಲ. ಅವನಿಗೆ ಕೊಟ್ಟದ್ದು ಒಂದೇ ಕೆಲಸ: ಎದುರಿನಿಂದ ನುಗ್ಗುವವನನ್ನು ತಡೆ. 2025ರ ಫೆಬ್ರವರಿಯಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದ ತಂಡದಲ್ಲಿ ಅವನಿದ್ದ. ಹೊಸಬನಿಗೆ ಒಂದೇ ಜಾಗ, ಒಂದೇ ಕೆಲಸ. ಇದನ್ನು ನಿನ್ನ ಪೈಲ್ವಾನರಿಗೆ ಹಾಗೇ ಹಚ್ಚು.

ಪೈಲ್ವಾನ್ ಹುಡುಗನನ್ನು ರೈಡಿಗೆ ಕಳಿಸಬೇಡ, ಡಿಫೆನ್ಸಿಗೆ ಹಾಕು. ಎದುರಾಳಿಯ ಸೊಂಟ ನೋಡಿ ಭಾರ ಯಾವ ಕಾಲಿಗೆ ಬಿತ್ತು ಅನ್ನುವುದನ್ನು ತಿಳಿಯುವ ಕಣ್ಣು ಅವನಲ್ಲಿ ಆಗಲೇ ಇದೆ. ಕುಳ್ಳಗೆ ಗಟ್ಟಿಯಾಗಿರುವವನು ಕಾರ್ನರ್‌ಗೆ, ಉದ್ದ ಇರುವವನು ಕಾರ್ನರ್‌ಗಿಂತ ಒಳಗೆ ನಿಲ್ಲುವ ಕವರ್‌ಗೆ. ಆದರೆ ಕುಸ್ತಿಯ ನಾಲ್ಕು ಚಟ ಕಬಡ್ಡಿಯಲ್ಲಿ ಕುತ್ತಿಗೆಗೆ ಬರುತ್ತವೆ.

ದೊಡ್ಡದು, ಕೈ ಚಾಚುವುದು. ಅಖಾಡದಲ್ಲಿ ಎದುರಾಳಿಯ ಕೈ, ಕುತ್ತಿಗೆ ತಡವಿ ನೋಡುವುದೇ ಆಟದ ಆರಂಭ. ಕಬಡ್ಡಿಯಲ್ಲಿ ಹಾಗೆ ಚಾಚಿದ ಕೈಯನ್ನು ರೈಡರ್ ಸವರಿ ಹೋದರೆ ಪಾಯಿಂಟ್ ಹೋಯಿತು, ಹುಡುಗ ಹೊರಗೆ. ಮೊದಲ ನಾಲ್ಕು ವಾರ ಅವನಿಗೆ ಹಿಡಿಯುವುದನ್ನೇ ಕಲಿಸಬೇಡ. ಬೆನ್ನ ಹಿಂದೆ ಎರಡೂ ಕೈಯಲ್ಲಿ ಒಂದು ಟವೆಲ್ ಹಿಡಿಸು, ಎದುರಿಗೆ ಒಬ್ಬ ರೈಡರನನ್ನು ಬಿಡು. 30 ಸೆಕೆಂಡ್ ಬರೀ ಹೆಜ್ಜೆಯಿಂದ ತಪ್ಪಿಸಿಕೊಳ್ಳಲಿ, 30 ಸೆಕೆಂಡ್ ವಿಶ್ರಾಂತಿ, ಇಂಥವು ಹತ್ತು. ಆಮೇಲೆ ಟವೆಲ್ ತೆಗೆದು ಜೋಡಿಯ ಕೈ ಹಿಡಿಸು, ಚೈನ್ ಆಯಿತು.

ಎರಡನೆಯದು, ಎತ್ತಿ ಕೆಡವುವ ಆಸೆ. ಕುಸ್ತಿಯಲ್ಲಿ ಚಿತ್ ಮಾಡಬೇಕು, ಇಲ್ಲಿ ನಡುಗೆರೆ ಮುಟ್ಟದ ಹಾಗೆ ಹಿಡಿದಿಟ್ಟರೆ ಸಾಕು. ರೈಡರ್ ದಾಟಬೇಕಾದ ಬಾಕ್ ಲೈನ್‌ನಿಂದ ನಡುಗೆರೆಗೆ 3.75 ಮೀಟರ್. ಅಲ್ಲಿ ಹಿಡಿದವನನ್ನು ಮುಂದಕ್ಕೆ ಬೀಳಿಸಿದರೆ ಮೈ, ಚಾಚಿದ ಕೈ ಸೇರಿ ಎರಡು ಮೀಟರಿಗೂ ಹೆಚ್ಚು ಅವನೇ ದಾಟಿಬಿಡುತ್ತಾನೆ. ಉಳಿದ ಒಂದೂವರೆ ಮೀಟರ್ ತೆವಳಿದರೆ ಹಿಡಿದವರೆಲ್ಲ ಔಟ್. ಎಳೆತ ಯಾವಾಗಲೂ ಹಿಂದಿನ ಗೆರೆಯ ಕಡೆಗಿರಬೇಕು.

ಮೂರನೆಯದು, ಕಾಲಿನಿಂದ ಕತ್ತರಿ ಹಾಕುವುದು. ಅಖಾಡದಲ್ಲಿ ಕಾಲು ಹೆಣೆದರೆ ಶಹಬ್ಬಾಸ್, ಕಬಡ್ಡಿಯಲ್ಲಿ ಫೌಲ್. ಕತ್ತು ಒತ್ತುವುದು, ಬಾಯಿ ಮುಚ್ಚುವುದೂ ಅಷ್ಟೇ.

ನಾಲ್ಕನೆಯದು ತೂಕ. ಸೀನಿಯರ್ ಗಂಡಸರ ಕಬಡ್ಡಿಗೆ ಮಿತಿ 85 ಕೆ.ಜಿ. ಪೈಲ್ವಾನರಿಗೆ ತೂಕದ ಹಿಂದಿನ ದಿನ ನೀರು ಬಿಟ್ಟು, ಬೆವರು ಹರಿಸಿ ಇಳಿಸುವ ರೂಢಿ. ಮ್ಯಾಟ್ ಕುಸ್ತಿಯ ಒಂದು ಪಂದ್ಯ ಮೂರು ಮೂರು ನಿಮಿಷದ ಎರಡು ಸುತ್ತಿನಲ್ಲಿ ಮುಗಿಯುತ್ತದೆ, ಹೇಗೋ ದಾಟುತ್ತಾರೆ. ಇಲ್ಲಿ 20 ನಿಮಿಷದ ಎರಡು ಅವಧಿ, ಅದೂ ನಮ್ಮ ಏಪ್ರಿಲ್ ಬಿಸಿಲಲ್ಲಿ. ಎರಡನೇ ಅವಧಿಗೆ ಮೀನಖಂಡ ಹಿಡಿದುಕೊಂಡು ಕೂರುತ್ತಾರೆ. ಇಳಿಸುವುದಿದ್ದರೆ ವಾರಕ್ಕೆ ಅರ್ಧ ಕೆ.ಜಿ.ಯಂತೆ, ತುಪ್ಪ, ಬಾದಾಮಿ ಕಡಿಮೆ ಮಾಡಿ. ಕುಸ್ತಿ ಕಲಿಸುವ ವಸ್ತಾದರಿಗೆ ಸಿಟ್ಟು ಬರುತ್ತದೆ, ನೀನೇ ಹೋಗಿ ಮಾತಾಡು.

ಐದನೇ ವಾರದಿಂದ ಕಾರ್ನರ್ ಹುಡುಗನಿಗೆ ಆ್ಯಂಕಲ್ ಹೋಲ್ಡ್ (ಕಣಕಾಲು ಹಿಡಿತ) ಒಂದೇ ಪಟ್ಟು. ರೈಡರನ ಕಾಲು ಗಾಳಿಯಲ್ಲಿರುವಾಗ ಹೋದರೆ ಎಳೆದುಕೊಳ್ಳುತ್ತಾನೆ. ಊರಿದ ಕಾಲಿನ ಮೇಲೆ ಭಾರ ಬೀಳುತ್ತಿದ್ದಂತೆ ಹೋಗಬೇಕು. ಒಂದು ಕೈ ಹಿಮ್ಮಡಿಯ ಹಿಂದೆ, ಇನ್ನೊಂದು ಕಣಕಾಲಿನ ಮುಂದೆ. ಗದ್ದ ಎದೆಗೆ ಒತ್ತಿ, ತಲೆ ರೈಡರನ ಕಾಲಿನ ಪಕ್ಕಕ್ಕೆ. ತಲೆ ಮುಂದೆ ಇಟ್ಟರೆ ಮೂಗಿಗೆ ಮೊಣಕಾಲು ಖಚಿತ. ಬೆರಳಿಗೆ ಬೆರಳು ಹೆಣೆಯಬಾರದು, ಹೆಬ್ಬೆರಳು ಉಳುಕುವುದು ಅಲ್ಲೇ. ಹಿಡಿದ ಮರುಕ್ಷಣ ಕವರ್ ಬಂದು ಸೊಂಟಕ್ಕೆ ಬೀಳಬೇಕು. ಪೈಲ್ವಾನ್ ಒಬ್ಬನೇ ಮುಗಿಸುತ್ತೇನೆ ಅಂತ ಕೂಗಿ ಕರೆಯುವುದಿಲ್ಲ, ಕರೆಯುವುದನ್ನೂ ಕಲಿಸು. ಒಂಬತ್ತನೇ ವಾರದಿಂದ ಏಳು ಜನರ ಆಟ, ಪ್ರತಿ ರೈಡಿಗೆ 30 ಸೆಕೆಂಡ್ ಗಡಿಯಾರ ಇಟ್ಟು.

ರೈಡರ್ ಬೇಕಾದರೆ ಖೋಖೋ ಹುಡುಗರನ್ನು ನೋಡು. ಅದರಲ್ಲೂ ಬೆನ್ನಟ್ಟುವುದರಲ್ಲಿ ಹೆಸರಾದವನಿಗಿಂತ ತಪ್ಪಿಸಿಕೊಂಡು ಓಡುವುದರಲ್ಲಿ ಹೆಸರಾದವನು ಬೇಕು. ಬೆನ್ನಟ್ಟುವವನು ಹಿಡಿದ ದಿಕ್ಕು ಬದಲಿಸುವ ಹಾಗಿಲ್ಲ. ಓಡುವವನು ಹೆಜ್ಜೆಹೆಜ್ಜೆಗೂ ಬದಲಿಸಬೇಕು, ಅದೇ ಕಬಡ್ಡಿಗೆ ಬರುವ ಬಂಡವಾಳ. ಅವನ ಕೊರತೆ ಒಂದೇ: ಮೈಗೆ ಕೈ ಬಿದ್ದರೆ ಅವನ ಆಟದಲ್ಲಿ ಕಥೆ ಮುಗಿಯಿತು, ಆದ್ದರಿಂದ ಹಿಡಿದ ಕೂಡಲೇ ಸುಮ್ಮನಾಗಿಬಿಡುತ್ತಾನೆ. ದಿನಾ ಹತ್ತು ಸಲ ಇಬ್ಬರಿಂದ ಹಿಡಿಸಿ, ಎರಡು ಮೀಟರ್ ದೂರದ ಗೆರೆಗೆ ತೆವಳಿಸು. ಈ ಕೆಲಸಕ್ಕೆ ನಿನ್ನ ಪೈಲ್ವಾನರೇ ಸರಿಯಾದ ಜೋಡಿ, ಇಬ್ಬರಿಗೂ ಪಾಠ.

ಹಳೇ ಕಾಲದಲ್ಲಿ ಎರಡೂ ಆಡುತ್ತಿದ್ದರಲ್ಲ ಅಂತ ನೀನು ಚುನಿ ಗೋಸ್ವಾಮಿಯ ಹೆಸರು ಎತ್ತುತ್ತೀಯ ಅಂತ ಗೊತ್ತು. 1962ರ ಏಷ್ಯನ್ ಗೇಮ್ಸ್‌ನಲ್ಲಿ ಫುಟ್‌ಬಾಲ್ ಚಿನ್ನ ಗೆದ್ದ ತಂಡದ ನಾಯಕ, ಬಂಗಾಳಕ್ಕೆ ರಣಜಿ ಕ್ರಿಕೆಟ್ ತಂಡದ ನಾಯಕನೂ ಹೌದು. ಅಂಥವರು ಒಂದು ಬಿಟ್ಟು ಇನ್ನೊಂದಕ್ಕೆ ಹಾರಿದವರಲ್ಲ, ಎರಡನ್ನೂ ಜೊತೆಗೆ ಬೆಳೆಸಿಕೊಂಡವರು. ಅದಕ್ಕೇ ಹೈಸ್ಕೂಲ್ ಹುಡುಗರಿಗೆ ಕುಸ್ತಿ ಬಿಡಿಸಬೇಡ. ವಾರಕ್ಕೆ ಮೂರು ದಿನ ತಾಲೀಮು, ಮೂರು ದಿನ ಕಬಡ್ಡಿ, ಒಂದು ದಿನ ಏನೂ ಬೇಡ.

ಇನ್ನು ನಿನ್ನ ಕೆಲಸ. ಪ್ರತಿ ಹುಡುಗನ ತೂಕ, ಎತ್ತರ, 10 ಮೀಟರ್ ಓಟದ ಸಮಯ, ನಿಂತಲ್ಲಿಂದ ಮುಂದಕ್ಕೆ ಜಿಗಿದ ದೂರ ಬರೆದು ಕಳಿಸು. ಬೆಳಿಗ್ಗೆ ಆರರೊಳಗೆ ಅಳೆ, ಬಿಸಿಲೇರಿದ ಮೇಲೆ ಅಳೆದದ್ದು ನನಗೆ ಬೇಡ. ಐದೈದು ರೈಡಿನ ವಿಡಿಯೊ ಕೂಡ ಇರಲಿ, ಮೊಬೈಲನ್ನು ಹಿಂದಿನ ಗೆರೆಯ ಹಿಂದೆ ಸೊಂಟದೆತ್ತರಕ್ಕೆ ಹಿಡಿಸು. ಪಕ್ಕದಿಂದ ತೆಗೆದರೆ ಕೈ ಚಾಚಿದ್ದು ಕಾಣುತ್ತದೆ, ಕಾಲು ಕಾಣುವುದಿಲ್ಲ.

ನಿನ್ನ ದೋಸ್ತ