ಲೈನ್ ಮನೆಯ ಮಕ್ಕಳು ಯಾವ ಇಲಾಖೆಯ ಲೆಕ್ಕದಲ್ಲಿದ್ದಾರೆ? ಕೊಡಗು ಜಿಲ್ಲಾ ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಇಲಾಖೆಗಳ ಪ್ರಗತಿ ಪರಿಶೀಲಿಸಲು ತಮ್ಮ ಅಧ್ಯಕ್ಷತೆಯಲ್ಲಿ ನಡೆಯುವ ಕೆಡಿಪಿ ಸಭೆಗಳಲ್ಲಿ ಶಿಕ್ಷಣ ಇಲಾಖೆಯವರು ಶಾಲಾ ದಾಖಲಾತಿಯನ್ನೂ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವರು ಅಂಗನವಾಡಿಗಳ ಪೌಷ್ಟಿಕ ಆಹಾರವನ್ನೂ, ಕಾರ್ಮಿಕ ಇಲಾಖೆಯವರು ತಪಾಸಣೆಗಳನ್ನೂ ಗುರಿ ಮತ್ತು ಸಾಧನೆಯ ಪಟ್ಟಿಗಳಾಗಿ ಮಂಡಿಸುತ್ತಾರೆ. ಪಟ್ಟಿಯೊಳಗಿನ ಅಂಕಿಗಳ ಬಗ್ಗೆ ನನ್ನ ತಕರಾರಿಲ್ಲ. ಈ ಮೂರೂ ಪಟ್ಟಿಗಳಿಗೆ ಸಿಗದೆ ಹೋಗುವ ಮಕ್ಕಳ ವಿಚಾರವಾಗಿ ಈ ಪತ್ರ ಬರೆಯುತ್ತಿದ್ದೇನೆ.

ಅರೇಬಿಕಾ ಕಾಫಿಯ ಕೊಯ್ಲು ಶುರುವಾಗಿ, ಅದರ ಬೆನ್ನಿಗೇ ರೋಬಸ್ಟಾ ಹಣ್ಣಾಗಿ, ಮಾರ್ಚ್ ಹತ್ತಿರವಾಗುವವರೆಗೂ ನಮ್ಮ ತೋಟಗಳ ಲೈನ್ ಮನೆಗಳು, ಅಂದರೆ ಕೂಲಿಯವರ ಸಾಲು ಮನೆಗಳು, ತುಂಬಿರುತ್ತವೆ. ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್‌ಗಳಿಂದ ಬಂದ ಕುಟುಂಬಗಳಿರುತ್ತವೆ. ಹಾಡಿ (ಆದಿವಾಸಿಗಳ ವಸತಿ) ಬಿಟ್ಟು ಬಂದ ಯರವ, ಜೇನುಕುರುಬ ಕುಟುಂಬಗಳೂ ಇರುತ್ತವೆ. ಕೊಯ್ಲಿನ ಕೂಲಿ ಅನೇಕ ಕಡೆ ಕೆ.ಜಿ. ಲೆಕ್ಕದ್ದು. ಹಾಗಾಗಿ ಎಂಟೊಂಬತ್ತು ವರ್ಷದ ಹುಡುಗಿ ಗಿಡದ ಬುಡದಲ್ಲಿ ಕುಳಿತು ಉದುರಿದ ಹಣ್ಣು ಆರಿಸಿದರೆ ಅದು ಅಮ್ಮನ ಚೀಲಕ್ಕೆ ಸೇರುತ್ತದೆ, ಸಂಜೆ ತೋಟದ ಲೆಕ್ಕ ಬರೆಯುವ ರೈಟರ್ ತೂಕ ಹಾಕಿ ಅಮ್ಮನ ಹೆಸರಿನ ಮುಂದೆ ಬರೆದುಕೊಳ್ಳುತ್ತಾರೆ. ಹುಡುಗಿಯ ಹೆಸರು ತೋಟದ ಪುಸ್ತಕದಲ್ಲಿಲ್ಲ, ಹತ್ತಿರದ ಶಾಲೆಯ ಹಾಜರಿಯಲ್ಲಿಲ್ಲ. ಬಿಟ್ಟು ಬಂದ ಊರಿನ ಶಾಲೆಯಲ್ಲಿ ಇನ್ನೂ ಇದ್ದರೂ ಇರಬಹುದು. ತಪಾಸಣೆಗೆ ಬಂದವರು ಕೇಳಿದರೆ ‘ಅಪ್ಪ ಅಮ್ಮನ ಜೊತೆ ಸುಮ್ಮನೆ ಬಂದಿದ್ದಾಳೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಈ ಉತ್ತರವನ್ನು ಕಾನೂನು ಒಪ್ಪುವುದಿಲ್ಲ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯು 14 ವರ್ಷದೊಳಗಿನ ಮಕ್ಕಳು ಕುಟುಂಬದ ಉದ್ಯಮದಲ್ಲಿ, ಅದೂ ಶಾಲೆ ಬಿಟ್ಟ ನಂತರ ಅಥವಾ ರಜೆಯಲ್ಲಿ, ನೆರವಾಗುವುದಕ್ಕೆ, ಮತ್ತು ಷರತ್ತಿನೊಂದಿಗೆ ಬಾಲ ಕಲಾವಿದರಾಗಿ ದುಡಿಯುವುದಕ್ಕೆ ಮಾತ್ರ ವಿನಾಯಿತಿ ಕೊಟ್ಟಿದೆ. ಅಪ್ಪ ಅಮ್ಮ ಕೂಲಿಗೆ ಹೋದ ತೋಟ ಆ ಕುಟುಂಬದ ಉದ್ಯಮವಾಗುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 9ನೇ ಪ್ರಕರಣವಂತೂ ಇನ್ನೂ ನೇರವಾಗಿದೆ: ತನ್ನ ವ್ಯಾಪ್ತಿಯಲ್ಲಿ ವಾಸವಿರುವ 14 ವರ್ಷದವರೆಗಿನ ಎಲ್ಲ ಮಕ್ಕಳ ದಾಖಲೆ ಇಡುವುದು ಮತ್ತು ವಲಸೆ ಬಂದ ಕುಟುಂಬಗಳ ಮಕ್ಕಳನ್ನು ಶಾಲೆಗೆ ಸೇರಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯ. ವಯಸ್ಸಿನ ದಾಖಲೆಯಿಲ್ಲ ಎಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು 14ನೇ ಪ್ರಕರಣ ಹೇಳುತ್ತದೆ. ಈ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕಾನೂನಿಗೆ ಕೊರತೆಯಿಲ್ಲ, ಎಣಿಸುವವರಿಲ್ಲ.

ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ ಒಪ್ಪಿದ್ದು 1992ರ ಡಿಸೆಂಬರ್‌ನಲ್ಲಿ. ಆಗ ಬಾಲದುಡಿಮೆಯ ಕುರಿತ 32ನೇ ವಿಧಿಯನ್ನು ಹಂತ ಹಂತವಾಗಿ ಜಾರಿಗೆ ತರುತ್ತೇವೆಂದು ಪ್ರತ್ಯೇಕವಾಗಿ ಘೋಷಿಸಿತ್ತು. ಹಂತಗಳು ಎಲ್ಲಿಗೆ ಬಂದಿವೆ ಎಂದು ಹೇಳಬೇಕಾದರೆ ಲೆಕ್ಕವಿರಬೇಕಲ್ಲವೇ? ಒಡಂಬಡಿಕೆಯ ಪ್ರಕಾರ ಸರ್ಕಾರಗಳು ಐದು ವರ್ಷಕ್ಕೊಮ್ಮೆ ವರದಿ ಸಲ್ಲಿಸಬೇಕು. ಅದರ ಮೇಲ್ವಿಚಾರಣೆಯ ಸಮಿತಿ 2003ರಲ್ಲಿ ಕೊಟ್ಟ ಮಾರ್ಗದರ್ಶನವು, ಒಟ್ಟು ಸಂಖ್ಯೆ ಸಾಲದು, ತಾರತಮ್ಯಕ್ಕೆ ಒಳಗಾದ ಮಕ್ಕಳು ಪ್ರತ್ಯೇಕವಾಗಿ ಕಾಣುವಂತೆ ಅಂಕಿಅಂಶಗಳನ್ನು ವಿಂಗಡಿಸಬೇಕು ಎನ್ನುತ್ತದೆ. ಜಿನೀವಾಕ್ಕೆ ಹೋಗುವ ಆ ವರದಿಯ ಮೂಲ ಅಂಕಿಗಳು ಹುಟ್ಟಬೇಕಾದದ್ದು ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ. ಬೆಂಗಳೂರಿನಲ್ಲಿರುವ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಶಿಕ್ಷಣ ಹಕ್ಕಿನ ಜಾರಿಯನ್ನು ಪರಿಶೀಲಿಸುವ ಅಧಿಕಾರವಿದೆ, ಸರಿ. ಆದರೆ ದಾಖಲೆಗೇ ಬಾರದ ಮಗುವಿನ ಪರವಾಗಿ ಆಯೋಗವಾದರೂ ಯಾರನ್ನು ಕೇಳಬೇಕು?

ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮ ಸಭೆಯ ಬಗ್ಗೆಯೂ ಒಂದು ಮಾತು. ಅಲ್ಲಿ ಮಕ್ಕಳು ಶೌಚಾಲಯ, ಕಾಂಪೌಂಡು, ಬೆಳಗಿನ ಬಸ್ಸು, ಶಾಲೆಯ ದಾರಿಯಲ್ಲಿ ಅಡ್ಡ ಬರುವ ಆನೆ, ಎಲ್ಲವನ್ನೂ ನಾವು ದೊಡ್ಡವರಿಗಿಂತ ಚೊಕ್ಕವಾಗಿ ಹೇಳುತ್ತಾರೆ. ಅಧಿಕಾರಿಗಳು ಬರೆದುಕೊಳ್ಳುತ್ತಾರೆ, ಫೋಟೋ ತೆಗೆಯುತ್ತಾರೆ. ಮರುವರ್ಷದ ಸಭೆಯಲ್ಲಿ ಹಿಂದಿನ ಸಭೆಯ ಬೇಡಿಕೆಗಳಿಗೆ ಏನಾಯಿತೆಂಬ ಅನುಪಾಲನಾ ವರದಿಯನ್ನು ಮಕ್ಕಳ ಮುಂದೆ ಓದದಿದ್ದರೆ ಅವರು ಕೇಳುವುದನ್ನೇ ಬಿಟ್ಟುಬಿಡುತ್ತಾರೆ. ಲೈನ್ ಮನೆಯ ಮಕ್ಕಳಿಗಂತೂ ಈ ಸಭೆಯ ತಿಳಿವಳಿಕೆ ಶಾಲೆಯ ಮೂಲಕ ತಲುಪುವ ದಾರಿಯೇ ಇಲ್ಲ.

ಆದ್ದರಿಂದ ತಮ್ಮಲ್ಲಿ ವಿನಂತಿ ಇಷ್ಟು. ಈ ಸಲದ ಕೊಯ್ಲು ಶುರುವಾದ ಮೊದಲ ತಿಂಗಳಲ್ಲೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ ಹಾಗೂ ಹತ್ತಿರದ ಶಾಲೆಯ ಶಿಕ್ಷಕರು ಒಟ್ಟಾಗಿ ಲೈನ್ ಮನೆಗಳಿಗೆ ಹೋಗಿ ಒಂದೇ ಪಟ್ಟಿ ಮಾಡುವಂತೆ ಆದೇಶಿಸಬೇಕು. ನಾಲ್ಕು ಇಲಾಖೆ ನಾಲ್ಕು ಪಟ್ಟಿ ಮಾಡಿದರೆ ಹಳೆಯ ಕಥೆಯೇ. ಮಾಲೀಕರ ಸಹಕಾರವಿಲ್ಲದೆ ಇದು ನಡೆಯದು, ಬೆಳೆಗಾರರ ಸಂಘಟನೆಗಳನ್ನು ತಾವೇ ಕರೆದು ಮಾತನಾಡಿದರೆ ಒಳ್ಳೆಯದು. ಈ ಪಟ್ಟಿಯನ್ನು ಹಿಡಿದು ಕೂಲಿಯವರನ್ನು ಬೆದರಿಸುವಂತಾಗಬಾರದು ಎಂಬುದನ್ನೂ ಆದೇಶದಲ್ಲೇ ಬರೆಯಬೇಕು. ಹೀಗೆ ಸಿಕ್ಕ ಮಕ್ಕಳಲ್ಲಿ ಎಷ್ಟು ಮಂದಿ ಶಾಲೆಗೆ, ಅಂಗನವಾಡಿಗೆ ಸೇರಿದರು, ಎಷ್ಟು ಮಂದಿ ಮಾರ್ಚ್‌ವರೆಗೆ ಉಳಿದರು ಎಂಬುದನ್ನು ಪಂಚಾಯಿತಿವಾರು ಕೆಡಿಪಿ ಸಭೆಯ ಮುಂದಿಟ್ಟು, ಅದೇ ಪಟ್ಟಿಯನ್ನು ಮಕ್ಕಳ ಹೆಸರು ಬಿಟ್ಟು ಪಂಚಾಯಿತಿಯ ಸೂಚನಾ ಫಲಕದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕೊಡಗಿನ ಒಬ್ಬ ನಿವೃತ್ತ ಶಿಕ್ಷಕಿ