ಶನಿವಾರ ಎಸ್‌ಪಿ ರೋಡ್‌ಗೆ: ಮದರ್‌ಬೋರ್ಡ್ ಬೇಕಾದವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಕಡಿಮೆ ಬಜೆಟ್‌ನಲ್ಲಿ ಗೇಮಿಂಗ್ ಕಂಪ್ಯೂಟರ್ ಜೋಡಿಸುವವರಿಗೆ ಈ ಸೂಚನೆ. ಶನಿವಾರ ಬೆಳಿಗ್ಗೆ 6ಕ್ಕೆ ಹಾಸನದ ಹೊಸ ಬಸ್ ನಿಲ್ದಾಣದಿಂದ ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಮಾರುಕಟ್ಟೆ ಎಸ್‌ಪಿ ರೋಡ್‌ಗೆ ಹೊರಡುತ್ತೇವೆ.

ಮೊದಲು ಪ್ರೊಸೆಸರ್ ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ, ಎಲ್ಲ ಭಾಗಗಳನ್ನೂ ಕೂರಿಸುವ ಮದರ್‌ಬೋರ್ಡ್ ಆಮೇಲೆ. ರೈಜನ್ 5 5600 ಪ್ರೊಸೆಸರ್ ಆದರೆ ಬೋರ್ಡ್‌ನಲ್ಲಿ ಎಎಂ4 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರಬೇಕು, ಜೊತೆಗೆ ಡಿಡಿಆರ್4 ಮಾದರಿಯ ರ‍್ಯಾಮ್. ಬಿ450 ಮಾದರಿಯ ಬೋರ್ಡ್ ಅಗ್ಗಕ್ಕೆ ಸಿಕ್ಕರೆ ಬಯಾಸ್ (ಕಂಪ್ಯೂಟರ್ ಶುರು ಮಾಡುವ, ಬೋರ್ಡ್‌ನಲ್ಲೇ ಇರುವ ತಂತ್ರಾಂಶ) ಅಪ್‌ಡೇಟ್ ಆಗಿದೆಯಾ ಅಂತ ಅಂಗಡಿಯಲ್ಲೇ ಕೇಳಿ. ಹಳೇ ಬಯಾಸ್ ಇದ್ದರೆ ಫ್ಯಾನ್ ತಿರುಗುತ್ತದೆ, ಪರದೆ ಮೇಲೆ ಏನೂ ಬರುವುದಿಲ್ಲ! ನನ್ನ ಕೇಳಿದರೆ ಬಿ550 ಬೋರ್ಡ್ ವಾಸಿ, ಪಿಸಿಐಇ 4.0 (ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿಗೆ ವೇಗದ ಸಂಪರ್ಕ) ಸಿಗುತ್ತದೆ. ಮಿನುಗುವ ಲೈಟಿಗೆ ಸುಮ್ನೆ ದುಡ್ಡು ಸುರಿಯಬೇಡಿ, ಅದು ಗ್ರಾಫಿಕ್ಸ್ ಕಾರ್ಡ್‌ಗೆ ಹೋಗಲಿ.

ಬರುವವರು, ತರಿಸಿಕೊಳ್ಳುವವರು ಪ್ರೊಸೆಸರ್ ಹೆಸರು, ಬಜೆಟ್ ಎರಡನ್ನೂ ಗುರುವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ. ಬಿಲ್ ಅವರವರ ಹೆಸರಲ್ಲೇ ಮಾಡಿಸೋಣ, ವಾರಂಟಿಗೆ ಬೇಕಾಗುತ್ತದೆ.