ಬರ್ಮಿಂಗ್‌ಹ್ಯಾಮ್‌ನ ನಾಲ್ವರಿಗೂ, ಪೀಣ್ಯದ ನನ್ನವರಿಗೂ

ಕಳೆದ ವಾರ ನಮ್ಮ ಶೋಗೆ ಬಂದವರಿಗೆಲ್ಲ ಮೊದಲು ನಮಸ್ಕಾರ. ಕಾರ್ಖಾನೆಯಲ್ಲಿ ತಗಡು ಒತ್ತುವ ಪವರ್ ಪ್ರೆಸ್‌ಗೆ ಬೆರಳು ಸಿಕ್ಕಿದ ಮೇಲೆ ನಾನು ಸ್ಟೇಜ್ ಹತ್ತಿದ್ದು ಅದೇ ಮೊದಲು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ನಾಲ್ವರ ರಾಕ್ ಬ್ಯಾಂಡ್ ಬ್ಲ್ಯಾಕ್ ಸಬತ್‌ನ ಮೊದಲ ಆಲ್ಬಂ ಅನ್ನು ಶುರುವಿನಿಂದ ಕೊನೆವರೆಗೆ ನುಡಿಸಿದೆವು. ಮುಗಿದ ಮೇಲೆ ತುಂಬಾ ಜನ ಕೇಳಿದರು, ಇಷ್ಟೊಂದು ಹಾಡುಗಳಿರುವಾಗ 1970ರ ಆ ಹಳೇ ರೆಕಾರ್ಡೇ ಯಾಕೆ ಅಂತ. ಮೈಕ್ ಮುಂದೆ ಹೇಳಲು ಆಗಲಿಲ್ಲ. ಗಂಟಲು ಕಟ್ಟಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಆ ಬ್ಯಾಂಡ್‌ನ ಗಿಟಾರ್ ವಾದಕ ಟೋನಿ ಐಯೋಮಿ ಬರ್ಮಿಂಗ್‌ಹ್ಯಾಮ್‌ನ ಒಂದು ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಆಗ ಅವರಿಗೆ 17 ವರ್ಷ. ಕೆಲಸ ಬಿಟ್ಟು ಬೇರೊಂದು ಬ್ಯಾಂಡ್ ಜೊತೆ ಹೊರಡುವವರಿದ್ದರು, ಅವತ್ತೇ ಕೊನೆಯ ದಿನ. ಪ್ರೆಸ್ ನಡೆಸುವವರು ಬಂದಿರಲಿಲ್ಲ ಅಂತ ಇವರನ್ನು ಮೆಷಿನ್ ಮುಂದೆ ನಿಲ್ಲಿಸಿದರು. ಬಲಗೈಯ ನಡುಬೆರಳು ಮತ್ತು ಉಂಗುರ ಬೆರಳಿನ ತುದಿ ಹೋಯಿತು. ಅವರು ಎಡಚರು. ತಂತಿ ಒತ್ತುವ ಕೈಯೇ ಅದು. ಕಾರ್ಖಾನೆಯ ಮ್ಯಾನೇಜರ್ ಮನೆಗೆ ಬಂದು ಜಾಂಗೋ ರೈನ್‌ಹಾರ್ಟ್ ಅವರ ರೆಕಾರ್ಡ್ ಕೇಳಿಸಿದರಂತೆ. ಬೆಂಕಿ ಅನಾಹುತದಲ್ಲಿ ಎರಡು ಬೆರಳು ಕೆಲಸಕ್ಕೆ ಬಾರದಂತಾದ ಮೇಲೂ ಯುರೋಪನ್ನೇ ಬೆರಗುಗೊಳಿಸಿದ ಗಿಟಾರ್ ವಾದಕ ಅವರು. ಐಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡರು, ಅದರ ಮೇಲೆ ಚರ್ಮ ಅಂಟಿಸಿದರು. ಗಟ್ಟಿ ತಂತಿ ಒತ್ತಲು ಆಗದೆ ಬ್ಯಾಂಜೋ ತಂತಿ ಹಾಕಿಕೊಂಡರು.

ಈ ಕಥೆ ಕಾಲೇಜಿನ ಕಾಲದಿಂದಲೂ ನನಗೆ ಗೊತ್ತಿತ್ತು. ರಾಕ್ ಕೇಳುವವರಿಗೆಲ್ಲ ಗೊತ್ತು. ಅದು ನನ್ನ ಕೈಗೇ ಬರುತ್ತದೆ ಅಂತ ಮಾತ್ರ ಅಂದುಕೊಂಡಿರಲಿಲ್ಲ. ನನ್ನದು ಎಡಗೈ. ಉಂಗುರ ಬೆರಳು, ಕಿರುಬೆರಳು, ಎರಡರದ್ದೂ ಮೇಲಿನ ಗೆಣ್ಣು ಹೋಯಿತು.

ಅವತ್ತು ಪಕ್ಕದ ಮೆಷಿನ್‌ನಲ್ಲಿದ್ದ ನಮ್ಮ ಗದಗಿನ ಅಣ್ಣನಿಗೆ ಹೇಗೆ ಥ್ಯಾಂಕ್ಸ್ ಹೇಳುವುದೋ ಗೊತ್ತಿಲ್ಲ. ತನ್ನ ಶರ್ಟ್ ಬಿಚ್ಚಿ ಕೈಗೆ ಸುತ್ತಿ, ಬೈಕ್ ಮೇಲೆ ಕೂರಿಸಿಕೊಂಡು ಹೊರಟರು. ದಾರಿಯುದ್ದಕ್ಕೂ ಒಂದೇ ಮಾತು: "ತಮ್ಮಾ, ಕೈ ಮ್ಯಾಲ ಹಿಡಿ, ಕೆಳಗ ಬಿಡಬ್ಯಾಡ." ಅಣ್ಣಾ, ಆ ದನಿ ಇಲ್ಲದಿದ್ದರೆ ಜಾಲಹಳ್ಳಿ ಕ್ರಾಸ್ ಟ್ರಾಫಿಕ್‌ನಲ್ಲೇ ನನಗೆ ಎಚ್ಚರ ತಪ್ಪುತ್ತಿತ್ತು.

ಫಿಸಿಯೋಥೆರಪಿ ಮೇಡಂಗೂ ಅಷ್ಟೇ ಋಣಿ. ಗಾಯ ಮಾಯ್ದ ಮೇಲೂ ಬೆರಳ ತುದಿಗೆ ಬಟ್ಟೆ ತಾಕಿದರೆ ಜೀವ ಹೋದಂತಾಗುತ್ತಿತ್ತು. ಮೊದಲು ಹತ್ತಿಯಿಂದ ಸವರಿಸಿದರು. ಆಮೇಲೆ ಟವೆಲ್. ಆಮೇಲೆ ಒಂದು ಡಬ್ಬಿ ತುಂಬ ರವೆ ಹಾಕಿ ಅದರೊಳಗೆ ಬೆರಳು ಆಡಿಸಲು ಹೇಳಿದರು. ಕೊನೆಗೆ ಅಕ್ಕಿ. ಆ ಡಬ್ಬಿ ಹಿಡಿದು ಮನೆಯಲ್ಲಿ ಕೂತಾಗ ಕೇಳುತ್ತಿದ್ದದ್ದು ಈ ಆಲ್ಬಂ ಒಂದೇ. ನೋವಿನ ಕಡೆ ಗಮನ ಹೋಗದ ಹಾಗೆ ಅದು ಹಿಡಿದಿಟ್ಟುಕೊಳ್ಳುತ್ತಿತ್ತು.

ಅದು ಹೇಗೆ ತಯಾರಾಯಿತು ಅನ್ನುವುದೂ ಅಷ್ಟೇ ಧೈರ್ಯ ಕೊಟ್ಟಿತು. 1969ರ ಅಕ್ಟೋಬರ್ 16, ಲಂಡನ್‌ನ ರೀಜೆಂಟ್ ಸೌಂಡ್ ಸ್ಟುಡಿಯೋ. ಒಂದೇ ದಿನ. ನಿರ್ಮಾಪಕ ರೋಜರ್ ಬೇನ್. ಕ್ಲಬ್‌ಗಳಲ್ಲಿ ನುಡಿಸುತ್ತಿದ್ದ ಹಾಗೇ ಎಲ್ಲರೂ ಒಟ್ಟಿಗೆ ನಿಂತು ನುಡಿಸಿದರು. ಗಾಯಕ ಆಜಿ ಆಸ್ಬರ್ನ್ ಬೇರೆ ಬೂತ್‌ನಲ್ಲಿ ನಿಂತು ಅದೇ ಹೊತ್ತಿಗೆ ಹಾಡಿದರು. ತಪ್ಪಿದರೆ ಹತ್ತು ಸಲ ರೀಟೇಕ್ ಮಾಡುವಷ್ಟು ಹೊತ್ತೂ ಇರಲಿಲ್ಲ, ದುಡ್ಡೂ ಇರಲಿಲ್ಲ. ಮಳೆ, ಗುಡುಗು, ಗಂಟೆಯ ಸದ್ದು ಆಮೇಲೆ ಸೇರಿಸಿದ್ದು. ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಐಯೋಮಿ ಸ್ಟುಡಿಯೋಗೆ ಬಂದದ್ದು ಫೆಂಡರ್ ಸ್ಟ್ರಾಟೊಕ್ಯಾಸ್ಟರ್ ಗಿಟಾರ್ ಹಿಡಿದು. ಒಂದು ಹಾಡು ಮುಗಿಯುವಷ್ಟರಲ್ಲಿ ತಂತಿಯ ಸದ್ದು ಹಿಡಿಯುವ ಅದರ ಪಿಕಪ್ ಕೈಕೊಟ್ಟಿತು. ಇರಲಿ ಅಂತ ತಂದಿದ್ದ ಗಿಬ್ಸನ್ ಎಸ್‌ಜಿಯಲ್ಲಿ ಉಳಿದದ್ದನ್ನೆಲ್ಲ ನುಡಿಸಿದರು. ಮುಂದೆ ಜಗತ್ತು ಅವರನ್ನು ಗುರುತಿಸಿದ್ದೇ ಆ ಗಿಟಾರ್‌ನಿಂದ.

ತಂತಿ ಸಡಿಲ ಬಿಟ್ಟು ತಗ್ಗಿನ ಶ್ರುತಿಯಲ್ಲಿ ನುಡಿಸಿದ್ದರಿಂದ ಈ ಆಲ್ಬಂ ಅಷ್ಟು ಭಾರ ಅಂತ ಹುಡುಗರು ಹೇಳುವುದನ್ನು ಕೇಳಿದ್ದೇನೆ. ಹಾಗಲ್ಲ. ಶ್ರುತಿ ಅಷ್ಟು ಇಳಿಸಿದ್ದು 1971ರ ಮೂರನೇ ಆಲ್ಬಂನಲ್ಲಿ. ಇಲ್ಲಿರುವ ಭಾರವೆಲ್ಲ ಮಾಮೂಲಿ ಟ್ಯೂನಿಂಗ್‌ನಲ್ಲೇ ಬಂದದ್ದು. ನಿಧಾನವಾಗಿ ನುಡಿಸಿದ್ದರಿಂದ, ಸ್ವರಗಳ ನಡುವೆ ಜಾಗ ಬಿಟ್ಟದ್ದರಿಂದ, ಗೀಜರ್ ಬಟ್ಲರ್ ಬಾಸ್ ಮತ್ತು ಬಿಲ್ ವಾರ್ಡ್ ಡ್ರಮ್ಸ್ ಆ ಜಾಗವನ್ನು ತುಂಬಿದ್ದರಿಂದ.

ಮೊದಲ ಹಾಡಿನಲ್ಲಿ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು, ಅಂದರೆ ರಿಫ್‌ನಲ್ಲಿರುವುದು ಮೂರೇ ಸ್ವರ. ನಮ್ಮ ಬಾಸಿಸ್ಟ್ ಚಿಕ್ಕಂದಿನಲ್ಲಿ ಅಮ್ಮನ ಹತ್ತಿರ ವೀಣೆ ಕಲಿತವನು. ಅವನು ಬಿಡಿಸಿ ತೋರಿಸಿದ: ಷಡ್ಜ, ಮೇಲಿನ ಷಡ್ಜ, ಆಮೇಲೆ ಇಳಿದು ಪ್ರತಿ ಮಧ್ಯಮ. ನಮಗೆ ಕಲ್ಯಾಣಿ ರಾಗದಲ್ಲಿ ಅಷ್ಟು ಹಿತವಾಗಿ ಕೇಳುವ ಸ್ವರ ಅಲ್ವಾ ಅದು? ಸುತ್ತ ಬೇರೇನೂ ಇಲ್ಲದೆ, ಷಡ್ಜದ ಎದುರಿಗೆ ಒಂಟಿಯಾಗಿ ನಿಲ್ಲಿಸಿದರೆ ಮೈ ಜುಮ್ಮೆನ್ನುತ್ತದೆ. ಅಪಘಾತದ ನಂತರ ನಾನು ಮೊದಲು ನುಡಿಸಿದ್ದು ಈ ಮೂರು ಸ್ವರ. ತೋರುಬೆರಳು, ನಡುಬೆರಳು ಸಾಕಾಯಿತು. ಅವತ್ತು ಜೊತೆಗೆ ಕೂತು, ಆ ಮೂರನ್ನೇ ಸಂಜೆವರೆಗೂ ಬೇಸರ ಇಲ್ಲದೆ ನನ್ನ ಜೊತೆ ನುಡಿಸಿದೆಯಲ್ಲ, ಗೆಳೆಯಾ, ಅದನ್ನು ನಾನು ಮರೆಯುವುದಿಲ್ಲ.

ಉಳಿದೆರಡು ಬೆರಳಿಗೆ ಟೊಪ್ಪಿ ಹೊಲಿದುಕೊಟ್ಟದ್ದು ನಮ್ಮ ಬಸ್ ಸ್ಟಾಪ್ ಹತ್ತಿರ ಚಪ್ಪಲಿ ರಿಪೇರಿ ಮಾಡುವ ಯಜಮಾನರು. ಒಳಗೆ ಮಾರ್ಕರ್ ಪೆನ್ನಿನ ಕ್ಯಾಪ್ ಕತ್ತರಿಸಿದ್ದು, ಹೊರಗೆ ಪರ್ಸ್‌ಗೆ ಹಾಕುವ ತೆಳು ಚರ್ಮ. ಮೊದಲು ಮಾಡಿದ್ದು ತಂತಿ ಮೇಲೆ ಜಾರುತ್ತಿತ್ತು. ಅವರೇ ಯೋಚಿಸಿ ಚರ್ಮ ತಿರುವಿ, ಒರಟು ಮೈ ಹೊರಗೆ ಬರುವ ಹಾಗೆ ಹೊಲಿದರು. ನಾನು ಕಷ್ಟಪಟ್ಟು ಜೇಬಿಗೆ ತುರುಕಿದ ದುಡ್ಡನ್ನು ವಾಪಸ್ ಕೊಟ್ಟರು. ಗಿಟಾರ್ ಅಂದರೆ ಹೇಗಿರುತ್ತದೆ ಅಂತ ನೋಡಲು ಶೋಗೂ ಬಂದಿದ್ದರು. ಮುಂದಿನ ಸಾಲಿನಲ್ಲೇ ಕೂತಿದ್ದರು.

ಆಲ್ಬಂ ಹೊರಬಂದದ್ದು 1970ರ ಫೆಬ್ರುವರಿ 13, ಶುಕ್ರವಾರ. ವಿಮರ್ಶಕರು ಜಾಡಿಸಿದರು. ರೋಲಿಂಗ್ ಸ್ಟೋನ್ ಪತ್ರಿಕೆಯಲ್ಲಿ ಲೆಸ್ಟರ್ ಬ್ಯಾಂಗ್ಸ್ ಬರೆದದ್ದಂತೂ ಓದಿದರೆ ಈಗಲೂ ಬೇಜಾರಾಗುತ್ತದೆ. ಆದರೂ ಬ್ರಿಟನ್‌ನಲ್ಲಿ ಮಾರಾಟದ ಪಟ್ಟಿಯಲ್ಲಿ 8ನೇ ಸ್ಥಾನಕ್ಕೆ ಹೋಯಿತು. ಅಮೆರಿಕದಲ್ಲಿ 23ನೇ ಸ್ಥಾನ ಮುಟ್ಟಿತು, ಒಂದು ವರ್ಷಕ್ಕಿಂತ ಜಾಸ್ತಿ ಕಾಲ ಪಟ್ಟಿಯಲ್ಲೇ ಉಳಿಯಿತು. ಕೊಂಡವರು ಯಾರು? ನನಗೆ ಅನ್ನಿಸುವುದು ಇಷ್ಟು: ಪ್ರೆಸ್, ಲೇತ್, ಶಿಫ್ಟ್ ಸೈರನ್ ಕೇಳಿಕೊಂಡು ಬೆಳೆದವರಿಗೆ ಆ ಸದ್ದು ಹೊಸದಾಗಿರಲಿಲ್ಲ. ಆಜಿ ಕಸಾಯಿಖಾನೆಯಲ್ಲಿ ದುಡಿದವರು, ಕಾರಿನ ಹಾರ್ನ್ ಟ್ಯೂನ್ ಮಾಡುವ ಕೆಲಸವನ್ನೂ ಮಾಡಿದವರು. ಕಾರ್ಖಾನೆ ಊರಿನ ದಿನ ಹೇಗಿರುತ್ತದೋ ಹಾಗೇ ನುಡಿಸಿದರು. ಪೀಣ್ಯದಲ್ಲಿ ಕೂತು ಕೇಳಿದರೂ ಅದು ಅರ್ಥವಾಗುತ್ತದೆ.

2025ರ ಜುಲೈ 5ರಂದು ಆ ನಾಲ್ವರೂ ತಾವು ಬೆಳೆದ ಆಸ್ಟನ್‌ನ ವಿಲ್ಲಾ ಪಾರ್ಕ್‌ನಲ್ಲಿ ಕೊನೆಯ ಸಲ ಒಟ್ಟಿಗೆ ನುಡಿಸಿದರು. ಆಗ ನನ್ನ ಕೈಗೆ ಇನ್ನೂ ಬ್ಯಾಂಡೇಜ್ ಇತ್ತು. ನಮ್ಮ ಡ್ರಮ್ಮರ್ ಮನೆಯಲ್ಲಿ ಎಲ್ಲರೂ ರಾತ್ರಿ ಎಚ್ಚರವಿದ್ದು ನೋಡಿದೆವು. ಪಾರ್ಕಿನ್ಸನ್ಸ್ ಕಾಯಿಲೆಯಿದ್ದ ಆಜಿ ಕುರ್ಚಿಯಲ್ಲಿ ಕೂತೇ ಹಾಡಿದರು. ಜುಲೈ 22ಕ್ಕೆ ತೀರಿಕೊಂಡರು. ಸುದ್ದಿ ಬಂದ ರಾತ್ರಿ ಡ್ರಮ್ಮರ್ ಫೋನ್ ಮಾಡಿ, "ನಿನ್ನ ಜಾಗಕ್ಕೆ ಯಾರನ್ನೂ ತಗೊಳ್ಳಲ್ಲ, ಎಷ್ಟು ದಿನ ಆದರೂ ಆಗಲಿ" ಅಂದ. ಮಾತಿಗೆ ತಕ್ಕಂತೆ ಬಂದ ಎರಡು ಒಳ್ಳೆಯ ಶೋಗಳನ್ನು ಬಿಟ್ಟುಕೊಟ್ಟ. ನೀನು ಹೇಳಿರಲಿಲ್ಲ, ನನಗೆ ಬೇರೆಯವರಿಂದ ಗೊತ್ತಾಯಿತು ಕಣೋ.

ನನ್ನ ಹೆಂಡತಿಗೆ ಏನು ಬರೆದರೂ ಕಡಿಮೆ. ನಾನು ಮನೆಯಲ್ಲಿದ್ದ ತಿಂಗಳುಗಳಲ್ಲಿ ಗಾರ್ಮೆಂಟ್ಸ್‌ನಲ್ಲಿ ಓಟಿ ಮಾಡಿ ಮನೆ ನಡೆಸಿದವಳು ಅವಳು. ಗಿಟಾರ್ ಮಾರಿಬಿಡೋಣ ಅಂತ ನಾನೇ ಹೇಳಿದಾಗ ಅದನ್ನು ತೆಗೆದುಕೊಂಡು ಹೋಗಿ ಅವಳ ತಮ್ಮನ ಮನೆಯಲ್ಲಿಟ್ಟು ಬಂದಿದ್ದಳು. ಅವತ್ತು ನನ್ನ ಮಾತು ಕೇಳದೇ ಇದ್ದದ್ದಕ್ಕೆ, ಥ್ಯಾಂಕ್ಸ್.

ಪೀಣ್ಯ, ದಾಸರಹಳ್ಳಿ ಕಡೆ ಕೈಗೆ ಪೆಟ್ಟಾಗಿ ಗಿಟಾರೋ ತಬಲಾನೋ ಹಾರ್ಮೋನಿಯಮ್ಮೋ ಮೂಲೆಗಿಟ್ಟವರು ಇದ್ದರೆ ದಯವಿಟ್ಟು ಬಂದು ನನ್ನನ್ನು ಕಾಣಿ. ಭಾನುವಾರ ಬೆಳಿಗ್ಗೆ ಜ್ಯಾಮ್ ರೂಮ್‌ನಲ್ಲಿ ಇರುತ್ತೇನೆ. ಯಜಮಾನರ ಅಂಗಡಿಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಅವರಿಗೂ ಹೇಳಿಟ್ಟಿದ್ದೇನೆ.